ಹಳೆಯ ಆಫ್-ರೋಡ್ ಮೋಟಾರ್‌ಸೈಕಲ್‌ಗಳಿಗೆ ದೀಪಗಳ ಅಳವಡಿಕೆ

ಟ್ರಯಲ್ಸ್, ಸ್ಕ್ರಾಂಬ್ಲಿಂಗ್ ಮುಂತಾದ ಸ್ಪರ್ಧೆಗಳಿಗೆಂದೇ ತಯಾರಾದ ಹಳೆಯ ಮೋಟಾರ್‌ಸೈಕಲ್‌ಗಳಲ್ಲಿ ಹಲವು ಕಾರ್ಖಾನೆಯಿಂದ ದೀಪಗಳಿಲ್ಲದೆ ಹೊರಬಂದವು. ಇನ್ನು ಕೆಲವುಗಳ ದೀಪಗಳನ್ನು ತೂಕ ಇಳಿಸುವ ಸಲುವಾಗಿ ಸವಾರರೇ ಕಳಚಿಹಾಕಿದರು. ಇಂತಹ ವಾಹನಗಳನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸಬೇಕಾದಾಗ ಕಾನೂನು ಒಪ್ಪುವ ದೀಪ ವ್ಯವಸ್ಥೆಯನ್ನು ಹೊಸದಾಗಿ ಅಳವಡಿಸಬೇಕಾಗುತ್ತದೆ. ಈ ಲೇಖನವು ಮುಖ್ಯವಾಗಿ 1950ರಿಂದ 1970ರ ದಶಕದವರೆಗಿನ ವಾಹನಗಳನ್ನೂ, ಅವು ಇಂದಿಗೂ ಬಳಕೆಯಲ್ಲಿರುವ ಗ್ರೇಟ್ ಬ್ರಿಟನ್ನಿನ ನಿಯಮಗಳನ್ನೂ ಕುರಿತದ್ದಾಗಿದೆ.

ಹಿನ್ನೆಲೆ

ಟ್ರಯಲ್ಸ್ ಎಂಬುದು ವೇಗದ ಸ್ಪರ್ಧೆಯಲ್ಲ. ಬಂಡೆ, ಕೆಸರು, ತೊರೆಗಳ ಮೇಲೆ ಕಾಲೂರದೆ ವಾಹನವನ್ನು ನಡೆಸುವ ಸಮತೋಲನದ ಪರೀಕ್ಷೆ ಅದು. ಸಾಂಪ್ರದಾಯಿಕ ಬ್ರಿಟಿಷ್ ಟ್ರಯಲ್ಸ್‌ಗಳಲ್ಲಿ ಒಂದು ಪರೀಕ್ಷಾ ಸ್ಥಳದಿಂದ ಇನ್ನೊಂದಕ್ಕೆ ಹೋಗುವ ದಾರಿ ಸಾರ್ವಜನಿಕ ರಸ್ತೆಯನ್ನು ಒಳಗೊಂಡಿರುತ್ತದೆ. ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂ ಸುತ್ತಮುತ್ತ ನಡೆಯುವ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಇದಕ್ಕೆ ಪ್ರಸಿದ್ಧ ಉದಾಹರಣೆ. 1965ರಲ್ಲಿ ಸ್ಯಾಮಿ ಮಿಲ್ಲರ್ ಸ್ಪೇನಿನ ಬುಲ್ಟಾಕೊ ವಾಹನದಲ್ಲಿ ಈ ಸ್ಪರ್ಧೆಯನ್ನು ಗೆದ್ದ ನಂತರ ಹಗುರವಾದ ಎರಡು ಸ್ಟ್ರೋಕ್ ಎಂಜಿನ್ನಿನ ವಾಹನಗಳು ಈ ಕ್ರೀಡೆಯನ್ನು ಆವರಿಸಿದವು. ಹೀಗೆ ಬೆಟ್ಟ ಹತ್ತುವ ವಾಹನವೇ ರಸ್ತೆಯಲ್ಲೂ ಸಾಗಬೇಕಾಗಿತ್ತು. ಇದನ್ನು ಮೊದಲೇ ಅರಿತಿದ್ದ ಟ್ರಯಂಫ್ ಕಂಪನಿಯು ತನ್ನ ಟಿಆರ್5 ಟ್ರೋಫಿ ಮಾದರಿಗೆ ಸುಲಭವಾಗಿ ಕಳಚಿ ಮತ್ತೆ ಜೋಡಿಸಬಹುದಾದ ಹೆಡ್‌ಲೈಟನ್ನು ಒದಗಿಸಿತ್ತು.

ಕಾನೂನು

1989ರ ರಸ್ತೆ ವಾಹನ ದೀಪ ನಿಯಮಾವಳಿಯ ಪ್ರಕಾರ, ಮುಂದಿನ ಅಥವಾ ಹಿಂದಿನ ಸ್ಥಾನಸೂಚಕ ದೀಪಗಳಿಲ್ಲದ ವಾಹನಕ್ಕೆ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಯಾವ ದೀಪವೂ ಕಡ್ಡಾಯವಲ್ಲ. ಆದ್ದರಿಂದ ದೀಪಗಳೇ ಇಲ್ಲದ ಹಳೆಯ ಟ್ರಯಲ್ಸ್ ವಾಹನವು ಹಗಲಿನಲ್ಲಿ ರಸ್ತೆಗಿಳಿಯಬಹುದು. ಮಂಜು ಕವಿದು ನೋಟ ತೀರಾ ಕುಗ್ಗಿದ ಹೊತ್ತಿಗೆ ಈ ವಿನಾಯಿತಿಯನ್ನು ನಂಬುವಂತಿಲ್ಲ. ಬ್ರೇಕ್ ಲೈಟ್ ಮತ್ತು ಇಂಡಿಕೇಟರ್‌ಗಳ ವಿಷಯದಲ್ಲಿ ನಿಯಮ ಬೇರೆ: ಅವು ಕಡ್ಡಾಯವಲ್ಲದಿದ್ದರೂ, ಒಮ್ಮೆ ಜೋಡಿಸಿದ ಮೇಲೆ ಸುಸ್ಥಿತಿಯಲ್ಲಿರಬೇಕು. ಅಂದರೆ ಅಲಂಕಾರಕ್ಕೆಂದು ಸಿಕ್ಕಿಸಿದ ಕೆಟ್ಟ ದೀಪವು ನಿರ್ದೋಷಿಯಾಗಿದ್ದ ವಾಹನವನ್ನು ದೋಷಿಯನ್ನಾಗಿಸಬಲ್ಲದು. ಸಂಪೂರ್ಣ ಮುಚ್ಚಿಹಾಕಿದ ದೀಪವನ್ನಾಗಲಿ, ವಿದ್ಯುತ್ ಮೂಲಕ್ಕೆ ಜೋಡಿಸುವ ತಂತಿಯೇ ಇಲ್ಲದ ದೀಪವನ್ನಾಗಲಿ ನಿಯಮಾವಳಿಯು ದೀಪವೆಂದೇ ಪರಿಗಣಿಸುವುದಿಲ್ಲ.

ರಾತ್ರಿಯೂ ಓಡಿಸಬೇಕೆಂದರೆ ಹೆಡ್‌ಲೈಟ್, ಹಿಂದಿನ ಸ್ಥಾನಸೂಚಕ ದೀಪ, ನೋಂದಣಿ ಫಲಕವನ್ನು ಬೆಳಗುವ ದೀಪ, ಹಿಂಬದಿಯ ಕೆಂಪು ಪ್ರತಿಫಲಕ ಮತ್ತು ಬ್ರೇಕ್ ಲೈಟ್ ಬೇಕಾಗುತ್ತವೆ. ಇಲ್ಲಿ ವಾಹನದ ಮಾದರಿಗಿಂತ ಅದು ಮೊದಲು ಬಳಕೆಗೆ ಬಂದ ದಿನಾಂಕವೇ ನಿರ್ಣಾಯಕ. 1986ರ ಆಗಸ್ಟ್ 1ಕ್ಕಿಂತ ಮೊದಲು ಬಳಕೆಗೆ ಬಂದವುಗಳಿಗೆ ಇಂಡಿಕೇಟರ್ ಬೇಕಿಲ್ಲ. 1986ರ ಏಪ್ರಿಲ್ 1ಕ್ಕಿಂತ ಮೊದಲಿನವುಗಳಲ್ಲಿ ಬ್ರೇಕ್ ಲೈಟ್ ಎರಡು ಬ್ರೇಕ್‌ಗಳಲ್ಲಿ ಒಂದರಿಂದ ಉರಿದರೆ ಸಾಕು. 2018ರ ಮೇ ತಿಂಗಳಿಂದ, 40 ವರ್ಷ ಮೀರಿದ ಮತ್ತು ಗಣನೀಯವಾಗಿ ಮಾರ್ಪಡಿಸದ ವಾಹನಗಳಿಗೆ ಎಂಒಟಿ ಎಂಬ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ದೊರೆತಿದೆ. ವಾಹನವನ್ನು ಸುಸ್ಥಿತಿಯಲ್ಲಿಡುವ ಹೊಣೆಯಿಂದ ಮಾಲೀಕನಿಗೆ ವಿನಾಯಿತಿಯಿಲ್ಲ.

ವಿದ್ಯುತ್ತಿನ ಮೂಲ

ದೀಪ ಕೊಳ್ಳುವುದು ಸುಲಭ. ಅದನ್ನು ಉರಿಸುವ ವಿದ್ಯುತ್ತನ್ನು ಹೊಂದಿಸುವುದೇ ಈ ಕೆಲಸದ ತಿರುಳು. ಈ ಕಾಲದ ಬಹುಪಾಲು ಎರಡು ಸ್ಟ್ರೋಕ್ ವಾಹನಗಳಲ್ಲಿ ಬ್ಯಾಟರಿ ಇರುವುದಿಲ್ಲ. ಎಂಜಿನ್ನಿನ ಫ್ಲೈವೀಲ್‌ನಲ್ಲಿ ಕೂರಿಸಿದ ಆಯಸ್ಕಾಂತಗಳು ಸ್ಥಿರವಾದ ತಾಮ್ರದ ಸುರುಳಿಗಳ ಸುತ್ತ ತಿರುಗಿ ವಿದ್ಯುತ್ತನ್ನು ಹುಟ್ಟಿಸುತ್ತವೆ. ಇದಕ್ಕೆ ಫ್ಲೈವೀಲ್ ಮ್ಯಾಗ್ನೆಟೊ ಎಂದು ಹೆಸರು. ಒಂದು ಸುರುಳಿ ಸ್ಪಾರ್ಕ್ ಪ್ಲಗ್ಗಿಗೆ, ಇನ್ನೊಂದು ದೀಪಗಳಿಗೆ. ಸ್ಪರ್ಧಾ ಮಾದರಿಗಳಲ್ಲಿ ಎಷ್ಟೋ ಬಾರಿ ಈ ಎರಡನೆಯ ಸುರುಳಿಯೇ ಇರುವುದಿಲ್ಲವಾದ್ದರಿಂದ, ಹೆಡ್‌ಲೈಟ್ ಕೊಳ್ಳುವ ಮುನ್ನ ಫ್ಲೈವೀಲನ್ನು ಬಿಚ್ಚಿ ನೋಡುವುದು ಲೇಸು. ಸುರುಳಿ ಇಲ್ಲದಿದ್ದರೆ ಹೊಸದನ್ನು ಸುತ್ತಿಸಬೇಕು, ಇಲ್ಲವೇ ದೀಪದ ಸುರುಳಿಯಿರುವ ಸ್ಟೇಟರನ್ನು ಕೂರಿಸಬೇಕು.

ಮ್ಯಾಗ್ನೆಟೊ ಕೊಡುವುದು ಪರ್ಯಾಯ ವಿದ್ಯುತ್, ಅಂದರೆ ಎ.ಸಿ. ಎಂಜಿನ್ನಿನ ವೇಗ ಏರಿದಂತೆ ಅದರ ವೋಲ್ಟೇಜೂ ಏರುತ್ತದೆ. ಹಳೆಯ ಸರಳ ವ್ಯವಸ್ಥೆಗಳಲ್ಲಿ ಇದನ್ನು ಹದ್ದಿನಲ್ಲಿಡುವ ಪ್ರತ್ಯೇಕ ಸಾಧನವಿರಲಿಲ್ಲ. ಬಲ್ಬುಗಳ ಒಟ್ಟು ವ್ಯಾಟ್ ಸುರುಳಿಯ ಸಾಮರ್ಥ್ಯಕ್ಕೆ ಸರಿಹೊಂದುವಂತೆ ಆರಿಸುತ್ತಿದ್ದರು, ಬಲ್ಬುಗಳೇ ನಿಯಂತ್ರಕಗಳಾಗಿದ್ದವು. ಇದರ ಪರಿಣಾಮ ವಿಚಿತ್ರವಾದುದು. ಹೆಡ್‌ಲೈಟಿನ ತಂತು ಕಡಿದರೆ ಅದು ಬಳಸುತ್ತಿದ್ದ ವಿದ್ಯುತ್ತಿನ ಹೊರೆ ತಪ್ಪಿ, ಏರಿದ ವೋಲ್ಟೇಜಿಗೆ ಹಿಂದಿನ ಪುಟ್ಟ ಬಲ್ಬು ಕ್ಷಣಾರ್ಧದಲ್ಲಿ ಸುಟ್ಟುಹೋಗುತ್ತದೆ. ಸವಾರ ಮುಂದೆಯೂ ಹಿಂದೆಯೂ ಒಟ್ಟಿಗೆ ಕತ್ತಲಾಗುತ್ತಾನೆ. ‘ಬಲ್ಬುಗಳು ಪದೇ ಪದೇ ಹೋಗುತ್ತವೆ’ ಎಂಬ ದೂರಿನ ಹಿಂದೆ ಬಹುಮಟ್ಟಿಗೆ ಇದೇ ಕಾರಣವಿರುತ್ತದೆ. ಹೆಚ್ಚುವರಿ ವೋಲ್ಟೇಜನ್ನು ತಡೆಯುವ ಎ.ಸಿ. ರೆಗ್ಯುಲೇಟರ್ ಇದಕ್ಕೆ ಅಗ್ಗದ, ವಿಶ್ವಾಸಾರ್ಹವಾದ ಪರಿಹಾರ.

ಬ್ಯಾಟರಿಯಿಲ್ಲದ ವ್ಯವಸ್ಥೆಯ ಇನ್ನೊಂದು ಕೊರತೆಯೆಂದರೆ ಎಂಜಿನ್ ನಿಂತೊಡನೆ ದೀಪಗಳೂ ನಂದುತ್ತವೆ. ವೃತ್ತದಲ್ಲಿ ಕಾಯುವಾಗ, ಎಂಜಿನ್ ಮೆಲ್ಲಗೆ ತಿರುಗುತ್ತಿರುವಾಗ, ಹಿಂದಿನ ದೀಪ ಕೆಂಡದಂತೆ ಮಿಣುಕುತ್ತದೆ. ಹಿಂದಿನಿಂದ ಬರುವ ಕಾರಿಗೆ ಸವಾರ ಕಾಣಿಸಬೇಕಾದ ಹೊತ್ತೂ ಅದೇ. ರಾತ್ರಿ ಸಂಚಾರವಿದ್ದರೆ ರೆಕ್ಟಿಫೈಯರಿನ ಮೂಲಕ ನೇರ ವಿದ್ಯುತ್ತಾಗಿ ಪರಿವರ್ತಿಸಿ, ಸಣ್ಣದೊಂದು ಬ್ಯಾಟರಿಯನ್ನು ಸೇರಿಸುವುದು ಸುರಕ್ಷಿತ. ದೀಪದ ಸುರುಳಿಯ ಒಂದು ತುದಿಯನ್ನು ಸಾಮಾನ್ಯವಾಗಿ ಎಂಜಿನ್ನಿನ ಲೋಹಕ್ಕೆ ಬೆಸೆದಿರುತ್ತಾರೆ. ಆ ಸ್ಥಿತಿಯಲ್ಲಿ ಪರ್ಯಾಯ ವಿದ್ಯುತ್ತಿನ ಅರ್ಧ ಅಲೆ ಮಾತ್ರ ಬ್ಯಾಟರಿಗೆ ದಕ್ಕುತ್ತದೆ. ಬೆಸುಗೆಯನ್ನು ಬಿಡಿಸಿ ಎರಡೂ ತುದಿಗಳನ್ನು ಹೊರತಂದು ನಾಲ್ಕು ಡಯೋಡುಗಳ ರೆಕ್ಟಿಫೈಯರಿಗೆ ಜೋಡಿಸಿದರೆ ಪೂರ್ಣ ಅಲೆ ಬಳಕೆಗೆ ಬರುತ್ತದೆ.

1960ರ ದಶಕದ ಬಿಎಸ್‌ಎ ಮತ್ತು ಟ್ರಯಂಫ್‌ನ ಕೆಲವು ಆಫ್-ರೋಡ್ ಮಾದರಿಗಳಲ್ಲಿದ್ದ ‘ಎನರ್ಜಿ ಟ್ರಾನ್ಸ್‌ಫರ್’ ಪದ್ಧತಿಗೆ ವಿಶೇಷ ಎಚ್ಚರ ಬೇಕು. ಅದರಲ್ಲಿ ಆಲ್ಟರ್ನೇಟರು ಬ್ಯಾಟರಿಯ ನೆರವಿಲ್ಲದೆ ನೇರವಾಗಿ ಕಿಡಿಯ ಸುರುಳಿಯನ್ನು ಉಣಿಸುತ್ತದೆ. ಆಯಸ್ಕಾಂತದ ಸ್ಥಾನಕ್ಕೂ ಕಿಡಿಯ ಹೊತ್ತಿಗೂ ನಿಖರ ಹೊಂದಾಣಿಕೆ ಇರಲೇಬೇಕು. ಬ್ಯಾಟರಿ ಬೇಕೆನ್ನುವವರು ಇಡೀ ಸ್ಟೇಟರನ್ನೂ ಕಿಡಿಯ ಸುರುಳಿಯನ್ನೂ ಬದಲಿಸುವುದೇ ಸರಿ.

6 ವೋಲ್ಟ್ ಮತ್ತು 12 ವೋಲ್ಟ್

35 ವ್ಯಾಟಿನ ಹೆಡ್‌ಲೈಟಿಗೆ 6 ವೋಲ್ಟಿನಲ್ಲಿ ಸುಮಾರು 5.8 ಆಂಪಿಯರ್ ಬೇಕು. 12 ವೋಲ್ಟಿನಲ್ಲಿ 2.9 ಸಾಕು. ತುಕ್ಕು ಹಿಡಿದ ಒಂದು ಜೋಡಣೆಯು 0.1 ಓಮ್ ರೋಧ ಒಡ್ಡಿತೆಂದಿಟ್ಟುಕೊಂಡರೆ, 6 ವೋಲ್ಟಿನ ವ್ಯವಸ್ಥೆಯಲ್ಲಿ ಅಲ್ಲೇ ಸುಮಾರು ಅರ್ಧ ವೋಲ್ಟಿಗೂ ಹೆಚ್ಚು, ಅಂದರೆ ಹತ್ತನೇ ಒಂದು ಪಾಲು ನಷ್ಟ. ತಂತುವಿನ ಬಲ್ಬಿನಲ್ಲಿ ವೋಲ್ಟೇಜು ಹತ್ತನೇ ಒಂದು ಪಾಲು ಇಳಿದರೆ ಬೆಳಕು ಸುಮಾರು ಶೇಕಡ 30ರಷ್ಟು ಕುಗ್ಗುತ್ತದೆ. 12 ವೋಲ್ಟಿನಲ್ಲಿ ಅದೇ ಜೋಡಣೆಯಿಂದಾಗುವ ನಷ್ಟ ಶೇಕಡ 2.5ರ ಆಸುಪಾಸು. ಹಳೆಯ 6 ವೋಲ್ಟಿನ ದೀಪಗಳಿಗೆ ಅಂಟಿದ ಅಪಖ್ಯಾತಿಯಲ್ಲಿ ಸುರುಳಿಗಿಂತ ತಂತಿಗಳ ಪಾಲೇ ಹೆಚ್ಚೆನ್ನಬಹುದು.

ತಂತಿ ಜೋಡಣೆ

ಹಳೆಯ ವಾಹನಗಳು ಚೌಕಟ್ಟಿನ ಲೋಹವನ್ನೇ ಮರಳು ತಂತಿಯಾಗಿ ಬಳಸುತ್ತಿದ್ದವು. ಹೊಸ ಬಣ್ಣ ಬಳಿದ ಚೌಕಟ್ಟು ಇದಕ್ಕೆ ಒದಗುವುದಿಲ್ಲ. ಫೈಬರ್‌ಗ್ಲಾಸ್ ಮಡ್‌ಗಾರ್ಡಂತೂ ವಿದ್ಯುತ್ತನ್ನು ಹಾಯಿಸುವುದೇ ಇಲ್ಲ. ಪ್ರತಿ ದೀಪಕ್ಕೂ ಪ್ರತ್ಯೇಕ ಅರ್ಥ್ ತಂತಿ ಎಳೆಯುವುದು ಉತ್ತಮ. ಹ್ಯಾಂಡಲ್ ಎರಡೂ ಬದಿಗೆ ಪೂರ್ತಿ ತಿರುಗಿದಾಗ ತಂತಿಗಳು ಬಿಗಿಯದಂತೆ ಸಡಿಲ ಬಿಡಬೇಕು. ಬ್ಯಾಟರಿಯಿದ್ದರೆ ಅದರ ಪಕ್ಕದಲ್ಲೇ ಫ್ಯೂಸ್ ಇರಬೇಕು. ಹಿಂದಿನ ಬ್ರೇಕ್ ಪೆಡಲಿಗೆ ಸ್ಪ್ರಿಂಗಿನಿಂದ ಕಟ್ಟುವ ಎಳೆ ಸ್ವಿಚ್ಚು ಬ್ರೇಕ್ ಲೈಟಿಗೆ ಸಾಕಾಗುತ್ತದೆ. ಅದನ್ನು ಕೆಸರು ತಟ್ಟದ ಎತ್ತರದಲ್ಲಿ ಕೂರಿಸಬೇಕು.

ದೀಪಗಳ ಆಯ್ಕೆ

ಎಲ್‌ಇಡಿ ಹಿಂದೀಪವು ಕಡಿಮೆ ವಿದ್ಯುತ್ತಿನಲ್ಲಿ ಉರಿಯುವುದರಿಂದ ದುರ್ಬಲ ಮ್ಯಾಗ್ನೆಟೊಗಳಿಗೆ ವರದಾನ. ಆದರೆ ಅದಕ್ಕೆ ನೇರ ವಿದ್ಯುತ್ ಬೇಕು, ಎ.ಸಿ.ಯಲ್ಲಿ ಮಿನುಗುತ್ತದೆ. ಬರಿಯ ಕೆಂಪು ಎಲ್‌ಇಡಿಯು ನೋಂದಣಿ ಫಲಕಕ್ಕೆ ಬೇಕಾದ ಬಿಳಿ ಬೆಳಕನ್ನು ಕೊಡಲಾರದು. ಹಳೆಯ ಹೆಡ್‌ಲೈಟಿನ ಪ್ರತಿಫಲಕ ಬಟ್ಟಲನ್ನು ತಂತುವಿನ ನಿಖರ ಸ್ಥಾನಕ್ಕೆ ಹೊಂದಿಸಿ ರೂಪಿಸಿರುವುದರಿಂದ ಅದರೊಳಗೆ ಎಲ್‌ಇಡಿ ಬಲ್ಬನ್ನು ತುರುಕಿದರೆ ಬೆಳಕು ಚದುರಿ ಎದುರಿನವರ ಕಣ್ಣು ಕುಕ್ಕುತ್ತದೆ.

ಸ್ಪೇನ್ ಅಥವಾ ಅಮೆರಿಕದಿಂದ ಬಂದ ವಾಹನಗಳಲ್ಲಿ ಮತ್ತೊಂದು ತೊಡಕಿದೆ. ಬಲಬದಿಯ ಸಂಚಾರವಿರುವ ಆ ದೇಶಗಳ ಹೆಡ್‌ಲೈಟುಗಳಲ್ಲಿ ಕಿರಣವು ಬಲಕ್ಕೆ ವಾಲಿದ್ದರೆ, ಎಡಬದಿಯಲ್ಲಿ ಸಂಚರಿಸುವ ಬ್ರಿಟನ್ನಿನಲ್ಲಿ ಅದು ನೇರವಾಗಿ ಎದುರು ಬರುವವರ ಮುಖಕ್ಕೆ ಬೀಳುತ್ತದೆ. ದೀಪವನ್ನು ಓರೆಯಾಗಿ ತಿರುಗಿಸುವುದರಿಂದ ಇದು ಸರಿಹೋಗುವುದಿಲ್ಲ. ಗಾಜನ್ನೋ ಇಡೀ ದೀಪವನ್ನೋ ಬದಲಿಸಬೇಕು.