ಯಂತ್ರಕ್ಕೂ ಬೇಕು ನೆಮ್ಮದಿಯ ನಿದ್ರೆ

ಮಾಗಿ ಕಳೆದು ಮಲೆನಾಡಿನ ತೋಟಗಳಲ್ಲಿ ಹುಲ್ಲು ಬಾಡತೊಡಗಿತೆಂದರೆ, ಹುಲ್ಲು ಕತ್ತರಿಸುವ ಪೆಟ್ರೋಲ್ ಯಂತ್ರಕ್ಕೆ ಮುಂದಿನ ಮಳೆಯವರೆಗೆ ಬಿಡುವು. ಅದನ್ನು ಇದ್ದಂತೆಯೇ ಬಚ್ಚಲುಮನೆಯ ಮೂಲೆಗೆ ಒರಗಿಸುವುದುಂಟು. ಅಪಾಯವಿರುವುದು ಅಲ್ಲಿಯೇ.

ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದು. ಮುಚ್ಚಳದ ಸಂದಿನಿಂದ ಹೊರಬಿದ್ದ ಆವಿಯು ಮೇಲೇರದೆ, ನೆಲದ ಮೇಲೆ ಹರಿದು, ಹಂಡೆಯೊಲೆಯ ಕೆಂಡವನ್ನು ಮುಟ್ಟಬಲ್ಲುದು. ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿಯೂ ಪೆಟ್ರೋಲು ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆಂದ ಮೇಲೆ ನಮ್ಮ ಬೇಸಿಗೆಯ ಮಾತೇನು?

ಯಂತ್ರಕ್ಕೂ ಕೇಡು ತಪ್ಪಿದ್ದಲ್ಲ. ನಮ್ಮಲ್ಲಿ ಈಗ ಮಾರುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿದ್ದು, ಅದು ಗಾಳಿಯ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ.

ಆದುದರಿಂದ ಎಂಜಿನ್ ತಣ್ಣಗಾದ ಬಳಿಕ, ಬಯಲಿನಲ್ಲಿ, ಟ್ಯಾಂಕಿನ ಪೆಟ್ರೋಲನ್ನು ಬಿಗಿಮುಚ್ಚಳದ ಡಬ್ಬಿಗೆ ಬಸಿಯಿರಿ, ಚರಂಡಿಗೆ ಚೆಲ್ಲಬೇಡಿ. ಡಬ್ಬಿಯನ್ನು ದೂರವಿರಿಸಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಕಾರ್ಬುರೇಟರಿನಲ್ಲಿ ಉಳಿದುದೂ ತೀರುತ್ತದೆ. ಇದನ್ನು ಕೋಣೆಯೊಳಗೆ ಮಾಡಲಾಗದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಪ್ರಾಣಾಂತಿಕ.

ಮತ್ತೆ ಆರಿದ ಮೇಲೆ ಸ್ಪಾರ್ಕ್ ಪ್ಲಗ್ ಕಳಚಿ, ಒಂದು ಚಿಕ್ಕ ಚಮಚ ಎಂಜಿನ್ ಎಣ್ಣೆ ಬಿಟ್ಟು, ಹಗ್ಗವನ್ನು ಮೆಲ್ಲನೆ ಎರಡು ಸಲ ಎಳೆಯಿರಿ. ಎಣ್ಣೆ ಹರಡಿದ ಒಳಗೋಡೆಗೆ ತುಕ್ಕು ಸುಲಭವಾಗಿ ಹಿಡಿಯದು. ಪ್ಲಗ್ಗನ್ನು ಮರಳಿ ಕೂರಿಸಿದರೂ ಅದರ ತಂತಿಯನ್ನು ಬಿಡಿಸಿಯೇ ಇಡಿ. ಮಕ್ಕಳು ಆಟಕ್ಕೆ ಹಗ್ಗವೆಳೆದರೆ ಎಂಜಿನ್ ಎಚ್ಚರಗೊಳ್ಳದು.

ಇನ್ನು ಒಲೆ, ದೀಪಗಳಿಂದ ದೂರದ ಒಣ ಜಾಗವೊಂದನ್ನು ಹುಡುಕಿದರಾಯಿತು. ಅರ್ಧ ಗಂಟೆಯ ಈ ಶ್ರಮ, ಮನೆಮಂದಿಯ ನಿದ್ರೆಗೂ ಕಾವಲು.