ಗ್ರಾಫಿಕ್ಸ್ ತಂತ್ರಾಂಶದ ಕಂಪೈಲ್ ಹಂತದಲ್ಲಿ ಪ್ರೊಸೆಸರ್ ಸೌಲಭ್ಯಗಳ ಪತ್ತೆ: ಸಾರ್ವಜನಿಕರಿಗೆ ಮಾಹಿತಿ

ಒಂದೇ ಗ್ರಾಫಿಕ್ಸ್ ತಂತ್ರಾಂಶವನ್ನು ಹಲವು ಬಗೆಯ ಗಣಕಯಂತ್ರಗಳಿಗಾಗಿ ಸಿದ್ಧಪಡಿಸುವವರು ಪ್ರೊಸೆಸರ್‌ನ ಸೌಲಭ್ಯಗಳನ್ನು ಎರಡು ಹಂತಗಳಲ್ಲಿ ಪರಿಶೀಲಿಸತಕ್ಕದ್ದು. ಮೊದಲನೆಯ ಹಂತವನ್ನಷ್ಟೇ ನೆಚ್ಚಿಕೊಂಡಲ್ಲಿ, ಹಳೆಯ ಯಂತ್ರಗಳನ್ನು ಹೊಂದಿರುವ ಬಳಕೆದಾರರು ತಂತ್ರಾಂಶದಿಂದ ವಂಚಿತರಾಗುವ ಸಂಭವವಿರುತ್ತದೆ.

1. ಸೌಲಭ್ಯ ಎಂದರೇನು?
ಚಿತ್ರದ ಒಂದು ಬಿಂದುವಿಗೆ ಸಾಮಾನ್ಯವಾಗಿ 32 ಬಿಟ್‌ಗಳು ಬೇಕಾಗುತ್ತವೆ. 2000ರಲ್ಲಿ ಪೆಂಟಿಯಂ 4ರೊಡನೆ ಬಂದ ಎಸ್‌ಎಸ್‌ಇ2 ಸೌಲಭ್ಯದ 128 ಬಿಟ್‌ಗಳ ರಿಜಿಸ್ಟರ್ ಒಮ್ಮೆಗೆ ನಾಲ್ಕು ಬಿಂದುಗಳನ್ನು ಹಿಡಿಯಬಲ್ಲದು. 2013ರ ಹ್ಯಾಸ್‌ವೆಲ್ ಪ್ರೊಸೆಸರ್‌ಗಳಲ್ಲಿ ಬಂದ ಎವಿಎಕ್ಸ್2 ಎಂಟನ್ನು ಹಿಡಿಯುತ್ತದೆ. ಆರ್ಮ್ ಪ್ರೊಸೆಸರ್‌ಗಳಲ್ಲಿ ಇಂತಹ ಸೌಲಭ್ಯಕ್ಕೆ ನಿಯಾನ್ ಎಂದು ಹೆಸರು.

2. ಮೊದಲನೆಯ ಹಂತ: ಕಂಪೈಲ್ ಮಾಡುವಾಗ
ಕಂಪೈಲರ್‌ಗೆ ಆಯಾ ಆದೇಶಗಳು ತಿಳಿದಿವೆಯೇ ಎಂಬುದನ್ನು ಚಿಕ್ಕದೊಂದು ಪ್ರೋಗ್ರಾಂ ಕಂಪೈಲ್ ಮಾಡಿ ಖಚಿತಪಡಿಸಿಕೊಳ್ಳತಕ್ಕದ್ದು. ತಂತ್ರಾಂಶವು ಬೇರೊಂದು ಬಗೆಯ ಯಂತ್ರಕ್ಕಾಗಿ ಇರಬಹುದಾದ್ದರಿಂದ, ಆ ಪ್ರೋಗ್ರಾಂ ಅನ್ನು ಚಲಾಯಿಸಿ ನೋಡುವುದನ್ನು ನೆಚ್ಚಬಾರದು. ಪ್ರತಿ ಸೌಲಭ್ಯದ ಸಂಕೇತವನ್ನು ಪ್ರತ್ಯೇಕ ಕಡತದಲ್ಲಿಟ್ಟು, ಆ ಕಡತಕ್ಕೆ ಮಾತ್ರ ಸಂಬಂಧಿತ ಆಯ್ಕೆಯನ್ನು ನೀಡಬೇಕು. ಸೌಲಭ್ಯವನ್ನು ಪತ್ತೆಹಚ್ಚುವ ಕಡತಕ್ಕೆ ಆ ಆಯ್ಕೆ ಕೊಡಬಾರದು. ಕೊಟ್ಟಲ್ಲಿ ಪರಿಶೀಲನೆಗೆ ಮುನ್ನವೇ ತಂತ್ರಾಂಶ ನಿಲ್ಲಬಹುದು.

3. ಎರಡನೆಯ ಹಂತ: ಚಾಲನೆಯಾಗುವಾಗ
ಎಕ್ಸ್86 ಪ್ರೊಸೆಸರ್‌ಗಳಲ್ಲಿ ಸಿಪಿಯುಐಡಿ ಆದೇಶದಿಂದ ಸೌಲಭ್ಯಗಳನ್ನು ಅರಿಯಬಹುದು. ಎವಿಎಕ್ಸ್2 ಬಳಕೆಗೆ ಕಾರ್ಯಾಚರಣ ವ್ಯವಸ್ಥೆಯ ಬೆಂಬಲವಿದೆಯೇ ಎಂಬುದನ್ನೂ ನೋಡಬೇಕು. ಲಿನಕ್ಸ್‌ನ ಆರ್ಮ್ ಯಂತ್ರಗಳಲ್ಲಿ ಕರ್ನೆಲ್ ಒದಗಿಸುವ ಮಾಹಿತಿಯನ್ನು ಓದಬೇಕು. ಸೌಲಭ್ಯವಿಲ್ಲದಿದ್ದಲ್ಲಿ ಸಾಮಾನ್ಯ ಸಿ ಭಾಷೆಯ ಸಂಕೇತವು ಅದೇ ಕೆಲಸವನ್ನು ನಿಧಾನವಾಗಿಯಾದರೂ ಪೂರೈಸಬೇಕು. 64 ಬಿಟ್‌ನ ಎಕ್ಸ್86 ಪ್ರೊಸೆಸರ್‌ಗಳೆಲ್ಲದರಲ್ಲೂ ಎಸ್‌ಎಸ್‌ಇ2 ಇರುವುದರಿಂದ ಅಲ್ಲಿ ಅದರ ಪರಿಶೀಲನೆ ಅನಗತ್ಯ.

4. ಉದಾಹರಣೆ
ಕೈರೋ ಗ್ರಾಫಿಕ್ಸ್ ಲೈಬ್ರರಿಯು ಬಳಸುವ ಪಿಕ್ಸ್‌ಮ್ಯಾನ್ ಇದೇ ಕ್ರಮವನ್ನು ಅನುಸರಿಸುತ್ತದೆ. ಎಸ್‌ಎಸ್‌ಇ2, ನಿಯಾನ್ ಮುಂತಾದವುಗಳ ಸಂಕೇತಗಳು ಅದರಲ್ಲಿ ಬೇರೆಬೇರೆ ಕಡತಗಳಲ್ಲಿದ್ದು, ಸೂಕ್ತವಾದುದು ಚಾಲನೆಯ ವೇಳೆ ಆಯ್ಕೆಯಾಗುತ್ತದೆ.

5. ವಿಶೇಷ ಸೂಚನೆ
ಜಿಸಿಸಿ ಕಂಪೈಲರ್‌ನ ‘ಮಾರ್ಚ್=ನೇಟಿವ್’ ಆಯ್ಕೆಯು ಕಂಪೈಲ್ ಮಾಡುವ ಯಂತ್ರದ ಸೌಲಭ್ಯಗಳನ್ನೇ ಆಧಾರವಾಗಿ ತೆಗೆದುಕೊಳ್ಳುತ್ತದೆ. ಸ್ವಂತ ಬಳಕೆಗೆ ಇದು ಸರಿ. ಇತರರಿಗೆ ಹಂಚುವ ತಂತ್ರಾಂಶಕ್ಕೆ ಇದನ್ನು ಬಳಸಬಾರದು. ಬಳಸಿದಲ್ಲಿ, ಸಿದ್ಧಪಡಿಸಿದವರ ಯಂತ್ರದಲ್ಲಿ ಯಾವ ದೋಷವೂ ಕಾಣದೆ, ಪಡೆದವರ ಹಳೆಯ ಯಂತ್ರದಲ್ಲಿ ‘ಅಮಾನ್ಯ ಆದೇಶ’ ಎಂಬ ಕಾರಣದಿಂದ ತಂತ್ರಾಂಶವು ಸ್ಥಗಿತಗೊಳ್ಳಬಹುದು. ಆದುದರಿಂದ ಹಂಚುವ ಮುನ್ನ ಹಳೆಯ ಯಂತ್ರವೊಂದರಲ್ಲಿ ಪರೀಕ್ಷಿಸುವುದು ಸೂಕ್ತ.