ಕುದುರೆಗೂ ದನಕ್ಕೂ ಅಗಸೆ ಬೀಜ: ಕುದಿಸಿ ಕೊಡುವ ಕ್ರಮ

ಮೋಟಾರು ರಸ್ತೆಗಳಿಲ್ಲದ ಕಾಲದಲ್ಲಿ ಕಾಫಿ ತೋಟಗಳ ಮೇಲ್ವಿಚಾರಣೆಗೆ ಕುದುರೆಯೇ ವಾಹನವಾಗಿತ್ತು. ಈಗ ತೋಟದಲ್ಲಿ ಕುದುರೆ ಸಾಕುವವರು ಬೆರಳೆಣಿಕೆಯಷ್ಟು ಮಂದಿ. ಆದರೆ ಗೊಬ್ಬರಕ್ಕೂ ಮನೆಯ ಹಾಲಿಗೂ ಒಂದೆರಡು ಹಸು ಕಟ್ಟಿಕೊಂಡಿರುವ ಅಡಿಕೆ ಬೆಳೆಗಾರರು ಇಂದಿಗೂ ಅನೇಕರಿದ್ದಾರೆ. ಈ ಎರಡು ಬಗೆಯ ಪ್ರಾಣಿಗಳಿಗೂ ಒಳ್ಳೆಯ ಪೋಷಣೆ ನೀಡುವ, ಆದರೆ ಸಿದ್ಧಪಡಿಸುವಾಗ ತಪ್ಪಿದರೆ ಪ್ರಾಣಕ್ಕೇ ಎರವಾಗುವ ಅಗಸೆ ಬೀಜದ ವಿಚಾರವನ್ನು ಇಲ್ಲಿ ತಿಳಿಸುತ್ತಿದ್ದೇವೆ.

ಯಾವ ಅಗಸೆ?

ವೀಳ್ಯದ ಬಳ್ಳಿ ಹಬ್ಬಿಸಲು ನೆಡುವ, ಸೊಪ್ಪು ತಿನ್ನುವ ಅಗಸೆ ಮರ ಬೇರೆ. ನಾವು ಹೇಳುತ್ತಿರುವುದು ಉತ್ತರ ಕರ್ನಾಟಕದ ಹೊಲಗಳಲ್ಲಿ ಹಿಂಗಾರಿನಲ್ಲಿ ಬೆಳೆಯುವ, ರೊಟ್ಟಿಯೊಡನೆ ಚಟ್ನಿಪುಡಿಯಾಗಿ ತಿನ್ನುವ, ಕಂದು ಬಣ್ಣದ ನುಣುಪಾದ ಎಣ್ಣೆಕಾಳು. ಇದರಲ್ಲಿ ನೂರಕ್ಕೆ ಸುಮಾರು 40 ಭಾಗ ಎಣ್ಣೆ, 20 ಭಾಗ ಸಸಾರಜನಕ ಪದಾರ್ಥವಿದೆ. ಬೀಜವನ್ನು ಬೇಯಿಸಿದಾಗ ಬಿಡುವ ಲೋಳೆ ಕರುಳಿಗೆ ಹಿತಕರ. ಎಣ್ಣೆಯ ಅಂಶದಿಂದ ಮೈಗೂದಲಿಗೆ ಹೊಳಪು ಬರುತ್ತದೆ. ಕುದುರೆ ಸಾಕುವವರು ಇದನ್ನು ಬಹುಕಾಲದಿಂದ ಮೆಚ್ಚಿಕೊಂಡು ಬಂದಿರುವುದಕ್ಕೆ ಇದೇ ಕಾರಣ.

ನಂಜು ಎಲ್ಲಿಂದ?

ಮರಗೆಣಸಿನ ಎಲೆ, ಸಿಪ್ಪೆ ತಿಂದ ದನ ಸತ್ತದ್ದನ್ನು ಕೇಳದ ಮಲೆನಾಡಿಗರಿಲ್ಲ. ಅದರಲ್ಲಿರುವ ಲಿನಮರಿನ್ ಎಂಬ ಪದಾರ್ಥವೇ ಅಗಸೆ ಬೀಜದಲ್ಲಿಯೂ ಇದೆ. ಲಿನಮರಿನ್ ತಾನಾಗಿ ಕೊಲ್ಲುವುದಿಲ್ಲ. ಜಜ್ಜಿದ ಬೀಜಕ್ಕೆ ನೀರು ಮತ್ತು ಉಗುರು ಬೆಚ್ಚಗಿನ ಬಿಸಿ ಸಿಕ್ಕಾಗ ಬೀಜದಲ್ಲಿಯೇ ಇರುವ ಒಂದು ಕಿಣ್ವ ಅದನ್ನು ಒಡೆದು ಹೈಡ್ರೋಸಯನಿಕ್ ಆಮ್ಲವನ್ನು ಬಿಡುಗಡೆ ಮಾಡುತ್ತದೆ. ನೀರು ಮರಳುವಷ್ಟು ಕಾದಾಗ ಆ ಕಿಣ್ವವೇ ನಾಶವಾಗುತ್ತದೆ. ಆದ್ದರಿಂದ ಕುದಿಸಿದ ಅಗಸೆ ಮೇವು. ಬೆಚ್ಚನೆಯ ನೀರಿನಲ್ಲಿ ನೆನೆಸಿಟ್ಟ ಅಗಸೆ ನಂಜು.

ಕುದುರೆಯ ಜಠರದ ಆಮ್ಲ ಈ ಕಿಣ್ವವನ್ನು ಬಹುಮಟ್ಟಿಗೆ ತಡೆಯುತ್ತದೆ. ದನದ ಮೊದಲ ಹೊಟ್ಟೆಯಲ್ಲಿ ಆ ಆಮ್ಲವಿಲ್ಲ. ಅಲ್ಲಿರುವುದು ನೀರು, ಬಿಸುಪು ಮತ್ತು ಸೂಕ್ಷ್ಮಜೀವಿಗಳು. ಆದ್ದರಿಂದ ಕುದುರೆಗಿಂತ ದನಕ್ಕೆ ಅಪಾಯ ಹೆಚ್ಚು.

ಬೇಯಿಸುವ ಕ್ರಮ

ಮೊದಲು ನೀರನ್ನು ಚೆನ್ನಾಗಿ ಮರಳಿಸಬೇಕು. ಅನಂತರ ಬೀಜ ಹಾಕಬೇಕು. ತಣ್ಣೀರಿನಲ್ಲಿ ಹಾಕಿ ನಿಧಾನವಾಗಿ ಕಾಯಿಸತಕ್ಕದ್ದಲ್ಲ. 100 ಗ್ರಾಂ ಬೀಜಕ್ಕೆ ಒಂದರಿಂದ ಒಂದೂವರೆ ಲೀಟರು ನೀರು ಸಾಕು. ಪಾತ್ರೆಯ ಮುಚ್ಚಳ ತೆಗೆದು, ಗಾಳಿಯಾಡುವ ಜಾಗದಲ್ಲಿ, ಕನಿಷ್ಠ ಹತ್ತು ನಿಮಿಷ ಬಿರುಸಾಗಿ ಕುದಿಸಿ, ಬಳಿಕ ಸಣ್ಣ ಉರಿಯಲ್ಲಿ ಕಾಳು ಮೆತ್ತಗಾಗುವವರೆಗೆ ಬೇಯಿಸಬೇಕು. ಲೋಳೆ ಉಕ್ಕುವುದರಿಂದ ದೊಡ್ಡ ಪಾತ್ರೆಯೇ ಬೇಕು. ತಳ ಹಿಡಿಯದಂತೆ ಕೈಯಾಡಿಸುತ್ತಿರಬೇಕು. ಆರಿದ ಮೇಲೆ ಗೋಧಿ ಬೂಸ ಅಥವಾ ಬೇಯಿಸಿದ ಹುರುಳಿಯೊಡನೆ ಬೆರೆಸಿ ಅಂದೇ ಮುಗಿಸಬೇಕು. ಉಳಿದದ್ದು ಬೇಗ ಹುಳಿಯುತ್ತದೆ.

ಬೆಳೆದ ಕುದುರೆಗೆ ದಿನಕ್ಕೆ 50ರಿಂದ 100 ಗ್ರಾಂ ಸಾಕು. ಇದು ಬೇಯಿಸುವ ಮೊದಲಿನ ತೂಕ. ತಟ್ಟು ಕುದುರೆಗೆ ಇದರ ಅರ್ಧ. ಮೊದಲ ವಾರ ಒಂದು ದೊಡ್ಡ ಚಮಚದಿಂದ ಆರಂಭಿಸಿ ಕ್ರಮೇಣ ಹೆಚ್ಚಿಸಬೇಕು. ಒಮ್ಮೆಗೇ ಹೆಚ್ಚಿಸಿದರೆ ಭೇದಿಯಾಗುತ್ತದೆ. ಕುದುರೆಗೆ ಹೊಟ್ಟೆಶೂಲೆ ಬಂದಾಗ ಇದನ್ನೇ ಮದ್ದೆಂದು ನಂಬಿ ಕೂರದೆ ಪಶುವೈದ್ಯರನ್ನು ಕರೆಸಬೇಕು.

ದನಕ್ಕೆ ಹಿಂಡಿ ಕೊಡುವಾಗ

ಹಸುವಿಗೆ ಬೀಜಕ್ಕಿಂತ ಹಿಂಡಿ ಮೇಲು. ಅದರಲ್ಲಿ ಸಸಾರಜನಕ ನೂರಕ್ಕೆ 30ರಷ್ಟಿರುತ್ತದೆ. ಹಾಲು ಕೊಡುವ ಹಸುವಿಗೆ ದಿನಕ್ಕೆ ಅರ್ಧ ಕಿಲೋದಿಂದ ಒಂದು ಕಿಲೋ ಮೀರದಿದ್ದರೆ ಒಳ್ಳೆಯದು. ಹೆಚ್ಚಾದರೆ ಬೆಣ್ಣೆ ಮೆದುವಾಗುತ್ತದೆ. ಯಂತ್ರದಲ್ಲಿ ಬಿಸಿಯಾಗಿ ಹಿಂಡಿದ ಹಿಂಡಿಯಲ್ಲಿ ಅಪಾಯ ಕಡಿಮೆ. ಬಿಸಿ ತಾಗದೆ ಗಾಣದಲ್ಲಿ ಆಡಿಸಿದ ಹಿಂಡಿಯಲ್ಲಿ ಕಿಣ್ವ ಜೀವಂತವಾಗಿ ಉಳಿದಿರಬಹುದು.

ಇಲ್ಲಿಯೇ ನಮ್ಮ ಅಭ್ಯಾಸ ನಮಗೆ ಮುಳುವಾಗುವುದು. ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿಗಳನ್ನು ರಾತ್ರಿ ಬೆಚ್ಚನೆಯ ಕಲಗಚ್ಚಿನಲ್ಲಿ ನೆನೆಹಾಕಿ ಬೆಳಿಗ್ಗೆ ಕುಡಿಸುವುದು ಮನೆಮನೆಯ ವಾಡಿಕೆ. ಅಗಸೆ ಹಿಂಡಿಗೆ ಈ ಕ್ರಮ ಕೂಡದು. ಕುದಿಸಿ ಕೊಡಿ, ಇಲ್ಲವೇ ಚೆನ್ನಾಗಿ ಬಿಸಿ ಹಾಯಿಸಿದ ಹಿಂಡಿ ಎಂದು ಖಚಿತವಾಗಿದ್ದರೆ ಒಣದಾಗಿಯೇ ಕೊಡಿ. ಕೋಳಿಮರಿಗಳಿಗೆ ಅಗಸೆ ಹಿಂಡಿ ಬೇಡ. ಅದರಲ್ಲಿನ ಇನ್ನೊಂದು ಅಂಶ ಬಿ-6 ಜೀವಸತ್ವಕ್ಕೆ ಅಡ್ಡಿ ಮಾಡಿ ಬೆಳವಣಿಗೆ ಕುಂಠಿಸುತ್ತದೆ. ಬಣ್ಣದ ಅಂಗಡಿಯ ‘ಬಾಯಿಲ್ಡ್’ ಅಗಸೆ ಎಣ್ಣೆಯನ್ನಂತೂ ಯಾವ ಪ್ರಾಣಿಗೂ ಕುಡಿಸಕೂಡದು. ಬೇಗ ಒಣಗಲೆಂದು ಅದಕ್ಕೆ ಲೋಹದ ಲವಣಗಳನ್ನು ಬೆರೆಸಿರುತ್ತಾರೆ.

ನಂಜೇರಿದ ಲಕ್ಷಣ

ಏದುಸಿರು, ಬಾಯಲ್ಲಿ ನೊರೆ, ಒಸಡು ಕಡುಕೆಂಪಾಗುವುದು, ತೂರಾಡಿ ಬೀಳುವುದು, ಇವು ಕೆಲವೇ ನಿಮಿಷಗಳಲ್ಲಿ ಕಾಣಬಹುದು. ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ಇದಕ್ಕೆ ಪರಿಹಾರ. ಅದನ್ನು ವೈದ್ಯರೇ ರಕ್ತನಾಳಕ್ಕೆ ಕೊಡಬೇಕು. ಉಳಿದ ಮೇವನ್ನು ತಕ್ಷಣ ದೂರವಿರಿಸಿ, ವೈದ್ಯರಿಗೆ ತೋರಿಸಲು ಸ್ವಲ್ಪ ಎತ್ತಿಡಿ.

ಮೇವಿನ ಶಾಸ್ತ್ರ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ಸುದ್ದಗುಂಟೆಪಾಳ್ಯಕ್ಕೆ ಹೊಂದಿಕೊಂಡ ಆಡುಗೋಡಿಯಲ್ಲಿ 1923ರಲ್ಲಿಯೇ ಪಶುಪಾಲನೆ ಮತ್ತು ಹೈನುಗಾರಿಕೆಯ ಸಂಸ್ಥೆ ಆರಂಭವಾಯಿತು. 1927ರಲ್ಲಿ ಗಾಂಧೀಜಿಯವರು ಅಲ್ಲಿಗೆ ಬಂದು ದನಗಳ ಪಾಲನೆಯನ್ನು ಅಭ್ಯಾಸ ಮಾಡಿದರು. 1995ರಲ್ಲಿ ಅಲ್ಲಿಯೇ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಸ್ಥಾಪನೆಯಾಯಿತು. ಹೊಸ ಮೇವನ್ನು ಕೊಟ್ಟಿಗೆಗೆ ತರುವ ಮುನ್ನ ನಿಮ್ಮ ಊರಿನ ಪಶುವೈದ್ಯರನ್ನು ಒಂದು ಮಾತು ಕೇಳಿ. ಒಂದು ಪಾತ್ರೆ ನೀರು ಕುದಿಸುವ ಸೌದೆಗಿಂತ ಹಸುವಿನ ಬೆಲೆ ಹೆಚ್ಚು.